ನಗರದಂಚಿನ ನೀರಿನ ಲೆಕ್ಕ ಬರೆದಿಡಿ

ಮಾನ್ಯರೇ,

ಅರ್ಕಾವತಿ, ಕುಮುದ್ವತಿ ನದಿಗಳು ಕೂಡುವಲ್ಲಿ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಅದರ ಒಳಹರಿವು ಕುಗ್ಗಿದಾಗ ಮಳೆಯನ್ನು ದೂರಿದವರೇ ಹೆಚ್ಚು. ನೆಲಮಂಗಲದ ಕಡೆ ಬೇಸಾಯ ಮಾಡುವ ನಮ್ಮ ಕಣ್ಣಿಗೆ ಬೀಳುವುದು ಬೇರೆ: ಬಡಾವಣೆಗಾಗಿ ಮುಚ್ಚಿದ ಕಾಲುವೆ, ಹೊಲ ತುಂಬಿದ ನೀಲಗಿರಿ, ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುವ ಕೊಳವೆಬಾವಿ. ಇವುಗಳಲ್ಲಿ ಯಾವುದರ ಪಾಲು ಎಷ್ಟು? ಉತ್ತರ ಊರಿಂದ ಊರಿಗೆ ಬೇರೆಯಾಗುತ್ತದೆ. ಇಡೀ ತಾಲ್ಲೂಕಿನ ಸರಾಸರಿ ಅಂಕಿಯಲ್ಲಿ ನಮ್ಮ ಕೆರೆ ಕಾಣುವುದೇ ಇಲ್ಲ.

ಜಲಾಶಯಕ್ಕೆ ಮಳೆನೀರು ಹರಿದು ಬರುವ ಈ ಜಲಾನಯನ ಪ್ರದೇಶದ ರಕ್ಷಣೆಗೆ ಸರ್ಕಾರ 2003ರಲ್ಲಿ ಅಧಿಸೂಚನೆ ಹೊರಡಿಸಿತು. 2017ರಲ್ಲಿ ನೀಲಗಿರಿ ಬೆಳೆಯುವುದನ್ನೂ ನಿಷೇಧಿಸಿತು. ಎರಡೂ ಒಳ್ಳೆಯ ಹೆಜ್ಜೆಗಳೇ. ಅವುಗಳಿಂದ ಅಂತರ್ಜಲಕ್ಕೆ ಏನಾಯಿತೆಂದು ಹಳ್ಳಿ ಹಳ್ಳಿಯಲ್ಲೂ ಅಳೆಯಬೇಕು. ಉಳಿದಿರುವ ಗೋಮಾಳ, ಗುಂಡುತೋಪುಗಳು ಎಷ್ಟು ಮಳೆನೀರನ್ನು ನೆಲಕ್ಕೆ ಇಂಗಿಸುತ್ತಿವೆ ಎಂಬುದೂ ತಿಳಿಯಬೇಕು.

ಇದಕ್ಕೆ ಮೂರು ತಿಂಗಳ ಸಮೀಕ್ಷೆ ಸಾಲದು. ಹತ್ತು ವರ್ಷ ಬಿಡದೆ ಬಾವಿಗಳ ನೀರಿನ ಮಟ್ಟ ಬರೆದಿಡಬೇಕು. ಅಳೆಯುವುದನ್ನು ನಮ್ಮೂರಿನ ಮಕ್ಕಳಿಗೇ ಕಲಿಸಿ, ಅವರು ಸಂತೋಷದಿಂದ ಮಾಡುತ್ತಾರೆ. ಭೂಪರಿವರ್ತನೆಗೆ ಸಹಿ ಹಾಕುವ ಮೊದಲು ಅಧಿಕಾರಿಗಳು ಆ ಲೆಕ್ಕದ ಪುಸ್ತಕ ತರಿಸಿ ನೋಡಲಿ.

– ಒಬ್ಬ ರೈತ, ನೆಲಮಂಗಲ ತಾಲ್ಲೂಕು