ಬೊಟ್ರೋಪಿನ ಗುಡ್ಡ ಹತ್ತುವ ಮೊದಲು

ಕೆಜಿಎಫ್, ಬುಧವಾರ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಭಾನುವಾರ ಜರ್ಮನಿಯಿಂದ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಈ ಬೊಟ್ರೋಪಿನಲ್ಲಿ ನೋಡುವಂಥದ್ದು ಏನೂ ಇಲ್ಲ ಅಮ್ಮ. ಕಾಲೇಜು, ಬಸ್ಸು, ಮಳೆ. ಒಂದು ಗುಡ್ಡವಿದೆ, ಅದರ ಮೇಲೊಂದು ಕಬ್ಬಿಣದ ಗೋಪುರವಿದೆ, ಅಷ್ಟೇ" ಎಂದೆ. ಚಿನ್ನ ತೆಗೆದ ಮೇಲೆ ಉಳಿದ ಹುಡಿಯ ರಾಶಿಗಳಾದ ಸಯನೈಡ್ ಗುಡ್ಡಗಳ ಬಿಳಿ ಧೂಳು ತಿಂದು ಬೆಳೆದವಳು ನಾನು. ಗಣಿಯ ಊರಿನಲ್ಲಿ ಗುಡ್ಡ ಎಂದರೆ ಏನೆಂದು ನನಗೆ ಗೊತ್ತು. ಅದಕ್ಕೇ ಈ ಮೂರು ದಿನ ನಿನ್ನ ಊರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ನೀನು ಗುಡ್ಡ ಎಂದದ್ದು ನೆಲದ ಹೊಟ್ಟೆಯಿಂದ ಮೇಲೆ ಬಂದ ಕಲ್ಲು, ಪುಟ್ಟಿ. ಕಲ್ಲಿದ್ದಲಿನ ಜೊತೆಗೆ ಬಂದ ಬೇಡದ ಕಲ್ಲನ್ನು ಸುರಿದು ಸುರಿದು ಆ ರಾಶಿ ಎದ್ದಿದೆ. ಅವರ ಭಾಷೆಯಲ್ಲಿ ಅದಕ್ಕೆ ಹಾಲ್ಡೆ ಎನ್ನುತ್ತಾರೆ. ನಿನ್ನ ಊರಿನಲ್ಲಿ ಇಂಥವು ಒಂದೆರಡಲ್ಲ. ಒಂದರ ಮೇಲೆ ಚಾವಣಿ ಹಾಕಿ ಹಿಮದ ಜಾರುದಾರಿ ಮಾಡಿದ್ದಾರೆ. ಹಾನಿಯಲ್ ಗಣಿಯ ರಾಶಿಯ ಮೇಲೆ ಬಯಲು ರಂಗಮಂದಿರವಿದೆ, ಸ್ಪೇನಿನ ಶಿಲ್ಪಿ ಅಗುಸ್ಟಿನ್ ಇಬಾರೋಲಾ ಬಣ್ಣ ಬಳಿದು ನಿಲ್ಲಿಸಿದ ಮರದ ಕಂಬಗಳಿವೆ. ನೀನು ನೋಡಿದ ಗೋಪುರ ಬೆಕ್‌ಸ್ಟ್ರಾಸೆಯ ರಾಶಿಯ ಮೇಲಿರುವ ಟೆಟ್ರಾಏಡರ್, 1995ರದು.

ಆ ಸೀಮೆಯ ನೆಲದ ಕಥೆ ಹೇಳುತ್ತೇನೆ, ಕೇಳು. ಸುಮಾರು 30 ಕೋಟಿ ವರ್ಷಗಳ ಹಿಂದೆ ಜವುಗು ಕಾಡುಗಳು ಹೂತುಹೋಗಿ ಕಲ್ಲಿದ್ದಲಾದವು. ದಕ್ಷಿಣಕ್ಕೆ, ರೂರ್ ನದಿಯ ಕಣಿವೆಯಲ್ಲಿ, ಆ ಪದರಗಳು ನೆಲದ ಮೇಲಕ್ಕೇ ಬಂದು ಕಾಣಿಸಿಕೊಳ್ಳುತ್ತವೆ. ರೈತರು ಗುದ್ದಲಿಯಲ್ಲೇ ಅಗೆದುಕೊಳ್ಳುತ್ತಿದ್ದರು. ಉತ್ತರಕ್ಕೆ ಹೋದಂತೆ ಅದೇ ಪದರಗಳು ಇಳಿಜಾರಾಗಿ ಆಳಕ್ಕೆ ಹೋಗುತ್ತವೆ, ಮೇಲೆ ಸುಣ್ಣಮಿಶ್ರಿತ ಜೇಡಿಯ ದಪ್ಪ ಹೊದಿಕೆ ಕೂರುತ್ತದೆ. ಉಗಿಯಂತ್ರ ಬಂದು ನೀರನ್ನು ಎತ್ತಿ ಹಾಕುವವರೆಗೆ ಆ ಹೊದಿಕೆಯನ್ನು ಸೀಳುವುದು ಯಾರ ಕೈಯಲ್ಲೂ ಆಗಲಿಲ್ಲ. ಹಾಗಾಗಿಯೇ ಗಣಿಗಳು ದಕ್ಷಿಣದಿಂದ ಉತ್ತರಕ್ಕೆ ಹೆಜ್ಜೆ ಹೆಜ್ಜೆಯಾಗಿ ನಡೆದವು. ಆ ಸಾಲಿನಲ್ಲಿ ಬೊಟ್ರೋಪಿನ ಸರದಿ ಬಂದದ್ದು 1856ರಲ್ಲಿ. ಮೊದಲ ಶಾಫ್ಟಿಗೆ, ಅಂದರೆ ಗಣಿಗೆ ಇಳಿಯುವ ಬಾವಿಗೆ, ಅರೆನ್‌ಬೆರ್ಗಿನ ಡ್ಯೂಕ್ ಪ್ರೊಸ್ಪರ್ ಲುಡ್ವಿಗ್‌ನ ಹೆಸರಿಟ್ಟರು. ಹೊಲ, ಹುಲ್ಲುಗಾವಲುಗಳ ಹಳ್ಳಿ 1919ರಲ್ಲಿ ನಗರವಾಯಿತು.

ಕೆಲಸಕ್ಕೆ ಜನ ಎಲ್ಲಿಂದ ಬಂದರು ಎನ್ನುವೆಯಾ? ಈಗ ಹೆಚ್ಚಾಗಿ ಪೋಲೆಂಡಿನಲ್ಲಿರುವ ಮೇಲಿನ ಸಿಲೇಸಿಯಾದಿಂದ, ಪೋಲಿಷ್ ಮಾತಾಡುತ್ತ, ಹಳ್ಳಿಗೆ ಹಳ್ಳಿಯೇ ಎದ್ದು ಬಂದಂತೆ ಬಂದರು. ನಿನ್ನ ಕಟ್ಟಡದ ಕರೆಗಂಟೆಯ ಫಲಕ ನೋಡು, 'ಸ್ಕಿ' ಎಂದು ಮುಗಿಯುವ ಹೆಸರು ಒಂದಾದರೂ ಇರಬಹುದು. 1961ರ ಒಪ್ಪಂದದ ನಂತರ ತುರ್ಕಿಯವರು ಬಂದರು. ಕೆಳಗೆ ಇಳಿದವರೆಲ್ಲ ಒಬ್ಬರಿಗೊಬ್ಬರು 'ಕುಂಪೆಲ್', ಅಂದರೆ ಜೊತೆಗಾರ. ಪಾಳಿಗೆ ಹೋಗುವ ಮುನ್ನ ಮನೆಯ ಬಟ್ಟೆಯನ್ನು ಸರಪಳಿಗೆ ಕಟ್ಟಿ ಚಾವಣಿಯವರೆಗೆ ಎಳೆದು ತೂಗುಹಾಕುತ್ತಿದ್ದರಂತೆ. ಇದನ್ನು ಓದಿ ಹೇಳಿದಾಗ ನಿನ್ನ ತಾತ ಬಹಳ ಹೊತ್ತು ಸುಮ್ಮನಿದ್ದರು.

ಈಗ ನಿನಗೆ ಮುಖ್ಯವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಕೆಳಗಿನ ಕಲ್ಲಿದ್ದಲನ್ನು ತೆಗೆದರೆ ಮೇಲಿನ ನೆಲ ಕುಸಿಯುತ್ತದೆ. ರೂರ್ ಸೀಮೆಯಲ್ಲಿ ಕೆಲವು ಕಡೆ 20 ಮೀಟರಿಗೂ ಹೆಚ್ಚು ಕುಸಿದಿದೆ. ನದಿಗಳಿಗಿಂತ ಊರುಗಳೇ ತಗ್ಗಿನಲ್ಲಿವೆ. ನೆಲ ಹೀಗೆ ಅಲುಗಾಡುವಾಗ ಚರಂಡಿಯ ಕೊಳವೆ ಹೂಳಿದರೆ ಒಡೆದುಹೋಗುತ್ತಿತ್ತು. ಅದಕ್ಕಾಗಿ ಏಮ್ಷರ್ ನದಿಯನ್ನೇ ಕಾಂಕ್ರೀಟ್ ಕಾಲುವೆಯಾಗಿಸಿ, ನೂರು ವರ್ಷಕ್ಕೂ ಹೆಚ್ಚು ಕಾಲ ಇಡೀ ಸೀಮೆಯ ಹೊಲಸನ್ನು ತೆರೆದಂತೆಯೇ ಅದರಲ್ಲಿ ಹರಿಸಿದರು. ಒಂದು ನದಿಗೆ ಇಷ್ಟು ಅನ್ಯಾಯ ಮಾಡಿದ್ದನ್ನು ಓದುವಾಗ ನನಗೆ ಹೊಟ್ಟೆ ಉರಿಯಿತು. ಗಣಿಗಳು ಉತ್ತರಕ್ಕೆ ಸರಿದು ನೆಲ ನಿಂತ ಮೇಲೆ, 1992ರಲ್ಲಿ ನದಿಯನ್ನು ಸರಿಪಡಿಸಲು ಕೈಹಾಕಿದರು. 51 ಕಿಲೋಮೀಟರ್ ಉದ್ದದ ದೊಡ್ಡ ಚರಂಡಿಯನ್ನು ನೆಲದಡಿಗೆ ಇಳಿಸಿ, 2021ರ ಕೊನೆಗೆ ನದಿಯನ್ನು ಹೊಲಸಿನಿಂದ ಬಿಡಿಸಿದರು. ನಿನ್ನ ಊರಿನ ಅಂಚಿನಲ್ಲಿ ಮೊಟ್ಟೆಯಾಕಾರದ ನಾಲ್ಕು ದೊಡ್ಡ ಗೋಪುರಗಳಿವೆಯಲ್ಲ, ಅದು ನೀರು ಶುದ್ಧೀಕರಿಸುವ ಘಟಕ. ನಿನ್ನ ಬಚ್ಚಲ ನೀರೂ ಅಲ್ಲಿಗೇ ಹೋಗುತ್ತಿರಬೇಕು.

ಗಣಿ ಮುಚ್ಚುವ ನಿರ್ಧಾರ ಆದದ್ದು 2007ರಲ್ಲಿ, ಮುಚ್ಚಿದ್ದು 2018ರ ಡಿಸೆಂಬರ್ 21ರಂದು. ಜರ್ಮನಿಯ ಕೊನೆಯ ಕಲ್ಲಿದ್ದಲು ಗಣಿ ನಿನ್ನ ಊರಿನ ಪ್ರೊಸ್ಪರ್-ಹಾನಿಯಲ್. (ಬಯಲಿನಲ್ಲಿ ಅಗೆಯುವ ಕಂದು ಕಲ್ಲಿದ್ದಲು ಬೇರೆ, ಅದು ಇನ್ನೂ ನಡೆದಿದೆ.) ಕೊನೆಯ ತುಂಡನ್ನು ರಾಷ್ಟ್ರಾಧ್ಯಕ್ಷ ಸ್ಟೈನ್‌ಮೈಯರ್ ಅವರ ಕೈಗಿಟ್ಟರು. ನಡುವಿನ ಹನ್ನೊಂದು ವರ್ಷಗಳಲ್ಲಿ ವಯಸ್ಸಾದವರಿಗೆ ಮುಂಚಿತವಾಗಿ ಪಿಂಚಣಿ, ಕಿರಿಯರಿಗೆ ಬೇರೆ ಕೆಲಸ ಎಂದು ಒಬ್ಬೊಬ್ಬರ ದಾರಿಯನ್ನೂ ಯೋಚಿಸಿದರು. ನಮ್ಮಲ್ಲಿ 2001ರ ಫೆಬ್ರವರಿಯಲ್ಲಿ ಗಣಿ ನಿಂತ ಮೇಲೂ ತಾತ ಬೆಳಗಿನ ಪಾಳಿಯ ಹೊತ್ತಿಗೆ ಎದ್ದು, ಮುಖ ತೊಳೆದು, ಬಾಗಿಲಲ್ಲಿ ಕೂರುತ್ತಿದ್ದರು. ಅದನ್ನು ಕಂಡವಳಾದ್ದರಿಂದ ಆ ಹನ್ನೊಂದು ವರ್ಷಗಳ ಬೆಲೆ ನನಗೆ ತಿಳಿಯುತ್ತದೆ.

ಗಣಿ ನಿಂತರೂ ಪಂಪು ನಿಲ್ಲುವಂತಿಲ್ಲ. ಆಳದ ಉಪ್ಪು ನೀರು ಏರಿ ಕುಡಿಯುವ ನೀರಿಗೆ ಸೇರಬಾರದು, ತಗ್ಗಿನ ಬೀದಿಗಳು ಕೆರೆಯಾಗಬಾರದು. ಹಾಗಾಗಿ ಹಗಲಿರುಳು ನೀರೆತ್ತುತ್ತಲೇ ಇರಬೇಕು, ನಿನ್ನ ಮಕ್ಕಳು, ಮೊಮ್ಮಕ್ಕಳ ಕಾಲಕ್ಕೂ. ಈ ಖರ್ಚಿಗೆ ಅವರು ಇಟ್ಟ ಹೆಸರೇ 'ಏವಿಗ್‌ಕೈಟ್ಸ್‌ಲಾಸ್ಟನ್', ಎಂದೆಂದಿಗೂ ತೀರದ ಹೊರೆ. ಅದನ್ನು ಹೊರಲೆಂದೇ 2007ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ವರ್ಷಕ್ಕೆ 20 ಕೋಟಿ ಯೂರೋಗೂ ಹೆಚ್ಚು ಬೇಕು. ನಮ್ಮ ಶಾಫ್ಟುಗಳಲ್ಲಿ ಪಂಪು ನಿಂತು, ನೀರು ತುಂಬಿಕೊಂಡಿತು. ನೀನು ಕಾಲೇಜಿಗೆ ನಡೆಯುವ ದಾರಿ ಒಣಗಿದೆಯೆಂದರೆ ಎಲ್ಲೋ ಒಂದು ಪಂಪು ನಿನ್ನ ಪರವಾಗಿ ಓಡುತ್ತಿದೆ.

ಈ ಶನಿವಾರ ಮಳೆಯಿರಲಿ ಬಿಡಲಿ, ಆ ಟೆಟ್ರಾಏಡರ್ ಹತ್ತು. ಮೆಟ್ಟಿಲುಗಳೂ ಅಟ್ಟಗಳೂ ಉಕ್ಕಿನ ಹಗ್ಗಗಳಿಗೆ ತೂಗಿವೆ, ಗಾಳಿಗೆ ಸ್ವಲ್ಪ ಅಲುಗಾಡುತ್ತವಂತೆ. ಕಂಬಿ ಹಿಡಿದುಕೋ. ಮೇಲಿನಿಂದ ಪ್ರೊಸ್ಪರ್‌ನ ಹಳೆಯ ಇಟ್ಟಿಗೆಯ ಶಾಫ್ಟ್ ಗೋಪುರ ಎಲ್ಲಿದೆ ಹುಡುಕು. ಅಲ್ಲಿಂದಲೇ ವಿಡಿಯೊ ಕರೆ ಮಾಡು, ತಾತ ಪಕ್ಕದಲ್ಲೇ ಇರುತ್ತಾರೆ. ಗಣಿಯವರು ಒಬ್ಬರಿಗೊಬ್ಬರು ಹೇಳುವಂತೆ ಅವರಿಗೆ ಮೊದಲು 'ಗ್ಲೂಕ್ ಔಫ್' ಎಂಬ ಶುಭ ಹಾರೈಕೆ ಹೇಳು. ಅರ್ಥವನ್ನು ನಾನು ತಾತನಿಗೆ ಈಗಾಗಲೇ ಹೇಳಿಟ್ಟಿದ್ದೇನೆ.

ಅಲ್ಲಿನ ಗಣಿ 1200 ಮೀಟರಿಗೂ ಆಳ ಎಂದಾಗ ತಾತ, "ನಮ್ಮ ಚಾಂಪಿಯನ್ ರೀಫ್ ಮೂರು ಸಾವಿರ ಮೀಟರ್ ದಾಟಿತ್ತು" ಎಂದರು. ಆಮೇಲೆ ಒಂದು ಪ್ರಶ್ನೆ ಕಳುಹಿಸಿದ್ದಾರೆ. ಅಲ್ಲಿ ಯಾರಾದರೂ ಹಳೆಯ ಕುಂಪೆಲ್ ಸಿಕ್ಕರೆ ತಪ್ಪದೆ ಕೇಳು: ಗಣಿಯ ಲಿಫ್ಟಾದ ಕೇಜು ಕೆಳಗಿಳಿಯುವಾಗ ಅವರಿಗೂ ಕಿವಿ ಮುಚ್ಚಿಕೊಳ್ಳುತ್ತಿತ್ತೇ?

ಇಂತಿ ನಿನ್ನ
ಅಮ್ಮ