ಇತಿಹಾಸದ ಧ್ವನಿಕಥೆ ಪಠ್ಯಪುಸ್ತಕದ ಓದಾಗದಿರಲಿ: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ನಮಸ್ಕಾರಗಳು.

ಆಕಾಶವಾಣಿಯ ‘ಕೇಳಿ ಕಲಿ’ ಪಾಠ ಕಾರ್ಯಕ್ರಮದಿಂದಾಗಿ ಕೇಳಿಸಿಕೊಂಡು ಕಲಿಯುವುದು ನಮ್ಮ ಸರ್ಕಾರಿ ಶಾಲೆಗಳಿಗೆ ಹೊಸದೇನಲ್ಲ. ಈಗ 4 ಮತ್ತು 5ನೇ ತರಗತಿಗೆ ನಾಡಿನ ಇತಿಹಾಸದ್ದೇ ಒಂದು ಧ್ವನಿಕಥಾ ಸರಣಿ ಬೇಕು. ಅದರಲ್ಲಿ ಏಕೀಕರಣದ ಜೊತೆಗೆ, ಹೊರಗಿನಿಂದ ಬಂದು ಇಲ್ಲಿಯವರೇ ಆದವರ ಕಥೆಯೂ ಇರಲಿ ಎಂಬುದು ಧ್ವನಿಪಾಠಗಳ ಕೆಲಸದಲ್ಲಿರುವ ನಮ್ಮ ಕೋರಿಕೆ.

1956ರ ನವೆಂಬರ್ 1ಕ್ಕೆ ಮೊದಲು ಕನ್ನಡ ಸೀಮೆ ಮೈಸೂರು, ಮುಂಬಯಿ, ಮದ್ರಾಸ್, ಹೈದರಾಬಾದ್, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿತ್ತು. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದವರ ವಂಶಜರಾದ ಸಿದ್ದಿಗಳು ಆ ಹೊತ್ತಿಗಾಗಲೇ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದರು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಟಿಬೆಟನ್ನರು ಬಂದದ್ದು 1960ರ ಆಸುಪಾಸಿನಲ್ಲಿ, ಆಗಿನ ಮೈಸೂರು ಸರ್ಕಾರ ಕೊಟ್ಟ ಜಮೀನಿಗೆ. ಇವೆಲ್ಲ ಒಂದೇ ನಕ್ಷೆಯ ಮೇಲೆ ಬರಬೇಕಾದ ಸಂಗತಿಗಳು.

ಇಂಥ ಯೋಜನೆಗಳು ಸೋಲುವುದು ಬಹುತೇಕ ಒಂದೇ ಕಾರಣಕ್ಕೆ: ಪಠ್ಯದ ಪುಟವನ್ನೇ ಒಳ್ಳೆಯ ಕಂಠದವರಿಂದ ಓದಿಸಿ ‘ಧ್ವನಿಕಥೆ’ ಎಂದುಬಿಡುತ್ತಾರೆ. ಪುಸ್ತಕವಾದರೆ ಮಗು ಹಿಂದಿನ ಸಾಲಿಗೆ ಹೋಗಿ ನೋಡಬಹುದು. ಇಲ್ಲಿ ಆ ಅನುಕೂಲವಿಲ್ಲ. ಹಾಗಾಗಿ ಒಂದು ಕಥೆಗೆ ಎಂಟು ನಿಮಿಷ, ಮೂರು ದನಿ, ಒಂದೇ ಇಸವಿ ಸಾಕು. ಮುಖ್ಯ ಹೆಸರುಗಳು ಮೊದಲ ನಿಮಿಷದಲ್ಲೇ ಎರಡು ಸಲ ಬರಬೇಕು.

ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಯ ಕಥೆಯನ್ನೇ ನೋಡಿ. ಅದು ಅಲ್ಲಿಗೆ ವಿದ್ಯುತ್ ಬಂದ 1902 ಎಂಬ ಇಸವಿಯಿಂದ ಶುರುವಾಗಬೇಕಿಲ್ಲ. ಕಾರ್ಮಿಕರನ್ನು ಹೊತ್ತ ಗಣಿಯ ಪಂಜರ (ಲಿಫ್ಟ್) ಇಳಿಯುವ ಮುನ್ನ ಬಾರಿಸುವ ಗಂಟೆಯಿಂದ ಶುರುವಾಗಲಿ. ಕಾರ್ನ್‌ವಾಲ್‌ನಿಂದ ಬಂದ ಗಣಿ ಪರಿಣತನೊಬ್ಬ, ತಮಿಳು ಮಾತಾಡುವ ಕಾರ್ಮಿಕನೊಬ್ಬ, ಕನ್ನಡದ ನಿರೂಪಕಿ. ಶಿವನಸಮುದ್ರದ ವಿದ್ಯುತ್ ಗಣಿ ತಲುಪಿದ ದಿನ ಯಾವ ಸದ್ದು ನಿಂತಿತು, ಯಾವುದು ಹೊಸದಾಗಿ ಕೇಳಿಸಿತು? ಇಸವಿ ಅಲ್ಲಿ ಬರಲಿ. ಆಮೇಲೆ ನಿರೂಪಕಿ ಒಂದು ಪ್ರಶ್ನೆ ಕೇಳಿ ಹತ್ತು ಸೆಕೆಂಡು ಸುಮ್ಮನಿರಬೇಕು. ಸಂಕಲನಕಾರರಿಗೆ ಈ ಮೌನ ಕಂಡರೆ ಆಗುವುದಿಲ್ಲ, ಕತ್ತರಿಸಿಬಿಡುತ್ತಾರೆ. ಉತ್ತರ ಹೇಳಲು ಮಕ್ಕಳಿಗೆ ಸಿಗುವ ಸಮಯ ಅದೊಂದೇ.

ಪಾತ್ರಧಾರಿಗಳ ವಿಷಯದಲ್ಲಿ ರಾಜಿ ಬೇಡ. ಸಿದ್ದಿ ಅಜ್ಜಿಯ ಪಾತ್ರಕ್ಕೆ ಸಿದ್ದಿ ಸಮುದಾಯದವರೇ ಬೇಕು. ಸ್ಟುಡಿಯೋ ಕಲಾವಿದರು ಉಚ್ಚಾರಣೆ ಅಣಕಿಸಿದರೆ ತರಗತಿ ನಗುತ್ತದೆ, ಮುಂಡಗೋಡದ ಶಾಲೆಯಲ್ಲಿ ಕುಳಿತ ಸಿದ್ದಿ ಮಗು ತಲೆ ತಗ್ಗಿಸುತ್ತದೆ. ಕಥೆ ಸಿದ್ದಿಗಳ ಚರ್ಮವಾದ್ಯ ಡಮಾಮಿ ಬಾರಿಸಿ ಮುಗಿದರೂ ಸಾಲದು. ಗುಲಾಮಗಿರಿಯನ್ನು ಒಂಬತ್ತು ವರ್ಷದ ಮಗುವಿಗೆ ಹಿಂಸೆಯ ವಿವರಗಳಿಲ್ಲದೆ, ಆದರೆ ಆ ಹೆಸರಿನಿಂದಲೇ ಹೇಳಬಹುದು. ಪಾತ್ರ ಕಲ್ಪಿತವಾಗಿರಲಿ, ಘಟನೆ ಕಲ್ಪಿತವಾಗಬಾರದು. ಧ್ವನಿಮುದ್ರಣಕ್ಕೆ ಮೊದಲೇ ಬರಹವನ್ನು ಆಯಾ ಸಮುದಾಯದವರಿಗೆ ಓದಿ ಹೇಳಬೇಕು. ನಿರೂಪಣೆ ಪಠ್ಯದ ಕನ್ನಡದಲ್ಲಿದ್ದರೂ ಸಂಭಾಷಣೆ ಧಾರವಾಡ, ಕಲಬುರಗಿ, ಕರಾವಳಿಯ ಆಡುಮಾತಿನಲ್ಲೇ ಇರಲಿ.

ಇನ್ನು ಕೇಳಿಸುವ ಬಗೆ. ಪ್ರಸಾರವನ್ನಷ್ಟೇ ನೆಚ್ಚಿಕೊಂಡರೆ ಆ ಹೊತ್ತಿಗೆ ಕರೆಂಟು ಹೋದ ಶಾಲೆಗೆ ಪಾಠವೇ ಇಲ್ಲ. ಮಾತಿಗೆ ಸಾಕಾಗುವ ಚಿಕ್ಕ ಕಡತವಾಗಿ, ಅಂದರೆ 64 ಕೆಬಿಪಿಎಸ್ ಮೋನೊ ಎಂಪಿ3 ಮಾಡಿದರೆ ಎಂಟು ನಿಮಿಷದ ಕಥೆ 4 ಎಂಬಿಯೂ ಆಗುವುದಿಲ್ಲ. ಇಡೀ ಸರಣಿ ಒಂದು ಮೆಮೊರಿ ಕಾರ್ಡಿನಲ್ಲಿ ಕೂರುತ್ತದೆ. ಮೊಬೈಲಿನ ಸ್ಪೀಕರ್ ಮೂವತ್ತು ಮಕ್ಕಳಿಗೆ ಸಾಲದು. ಬ್ಲೂಟೂತ್ ಸ್ಪೀಕರಿನ ಬೇಸ್ (ಗಡುಸು ದನಿ) ತಗ್ಗಿಸದಿದ್ದರೆ ವ್ಯಂಜನಗಳೆಲ್ಲ ಕಲಸಿಹೋಗುತ್ತವೆ. ಸ್ಪೀಕರನ್ನು ಮೇಷ್ಟ್ರ ಮೇಜಿನ ಮೇಲಿಡದೆ ಮಕ್ಕಳ ನಡುವೆ, ಕಿವಿಯ ಎತ್ತರಕ್ಕೆ ಇಡಬೇಕು. ಶೀಟಿನ ಸೂರಿನ ಶಾಲೆಯಲ್ಲಿ ಮಳೆ ಹಿಡಿದರೆ ಯಾವ ಸ್ಪೀಕರೂ ನಡೆಯದು, ಮಲೆನಾಡಿಗೆ ಈ ಸರಣಿಯನ್ನು ಜುಲೈಯಲ್ಲಿ ಕೊಡಬೇಡಿ. ಹಿನ್ನೆಲೆ ಸಂಗೀತ ಮಾತಿನ ಕೆಳಗೆ ಬೇಡವೇ ಬೇಡ, ದೃಶ್ಯ ಬದಲಾಗುವಲ್ಲಿ ಮಾತ್ರ ಸಾಕು.

ಪ್ರತಿ ಕಥೆಯೊಂದಿಗೆ ಶಿಕ್ಷಕರಿಗೆ ಒಂದೇ ಹಾಳೆ ಕೊಡಿ: ಒಂದು ಬದಿ ಮಕ್ಕಳು ಬಣ್ಣ ತುಂಬಲು ಐದು ಆಡಳಿತಗಳ ಖಾಲಿ ನಕ್ಷೆ, ಇನ್ನೊಂದು ಬದಿ ಮೂರು ಪ್ರಶ್ನೆ. ಕಿವಿ ಕೇಳದ ಮಕ್ಕಳಿಗೆ ಚಿತ್ರಸಹಿತ ಪೂರ್ಣ ಬರಹವೂ ಬೇಕು. ರಾಜ್ಯಕ್ಕೆಲ್ಲ ಒಮ್ಮೆಗೇ ಬಿಡುವ ಮೊದಲು ಯಲ್ಲಾಪುರ, ಪಿರಿಯಾಪಟ್ಟಣ, ಕೆಜಿಎಫ್ ಮತ್ತು ಕಲಬುರಗಿ ತಾಲ್ಲೂಕುಗಳಲ್ಲಿ ತಲಾ ಎರಡು ಕಥೆ ಕೇಳಿಸಿ ನೋಡಿ, ಮಕ್ಕಳಿಗೆ ಅರ್ಥವಾಗದ ಸಾಲುಗಳನ್ನು ತಿದ್ದಿಸಲು ಆದೇಶಿಸಬೇಕೆಂದು ಕೋರುತ್ತೇವೆ.

ಇಂತಿ,
ಧ್ವನಿಪಾಠ ತಯಾರಿಸುವ ಶಿಕ್ಷಕರು ಮತ್ತು ಬರಹಗಾರರು