ಕೋಡಿ ಒಣಗಿರುವಾಗಲೇ ಬನ್ನಿ: ಕೋಲಾರ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕೆರೆ ಕೋಡಿ ಬಿದ್ದಾಗ ಬಾಗಿನ ಅರ್ಪಿಸಲು ಜನ ನಿಮ್ಮನ್ನು ಕರೆಯುತ್ತಾರೆ. ಈ ಸಲ ಅದಕ್ಕೂ ಮೊದಲು ಬನ್ನಿ, ಅಳತೆ ಟೇಪು ಹಿಡಿದ ಎಂಜಿನಿಯರರ ಜೊತೆ.

ಬರದ ಜಿಲ್ಲೆಗೆ ನೆರೆಯ ಚಿಂತೆ ಏಕೆ ಎನ್ನುವವರಿಗೆ 2021ರ ನವೆಂಬರಿನ ಭಾರಿ ಮಳೆ ನೆನಪಿರಬೇಕು. ಆ ಒಂದು ಮಳೆಯನ್ನು ಪೂರ್ತಿ ಹವಾಮಾನ ಬದಲಾವಣೆಯ ಲೆಕ್ಕಕ್ಕೆ ನಾವು ಬರೆಯುವುದಿಲ್ಲ. ಆದರೆ ಕಲ್ಲಿದ್ದಲು, ತೈಲ ಉರಿಸಿ ಮನುಷ್ಯರು ಭೂಮಿಯನ್ನು ಒಂದು ಡಿಗ್ರಿಗೂ ಹೆಚ್ಚು ಬಿಸಿ ಮಾಡಿದ್ದಾರೆ. ಪ್ರತಿ ಡಿಗ್ರಿಗೆ ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹಿಂದೆ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ಒಂದು ದಿನದ ಭಾರಿ ಮಳೆ ಒಂದು ಡಿಗ್ರಿ ಏರಿಕೆಗೆ 1.3 ಪಟ್ಟು, ಎರಡು ಡಿಗ್ರಿಗೆ 1.7 ಪಟ್ಟು ಹೆಚ್ಚು ಸಲ ಬರುತ್ತದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಹೇಳುತ್ತದೆ. ಇದು ಜಗತ್ತಿನ ನೆಲಭಾಗದ ಸರಾಸರಿ, ಕೋಲಾರಕ್ಕೇ ಮಾಡಿದ ಲೆಕ್ಕವಲ್ಲ. ನಮ್ಮ ಕೋಡಿಗಳನ್ನು ಕಟ್ಟಿದ್ದು ಮಾತ್ರ ಹಳೆಯ ಮಳೆಗೆ.

ಕೆರೆಯೊಂದರ ಹತ್ತು ಚದರ ಕಿ.ಮೀ. ಜಲಾನಯನದ ಮೇಲೆ 100 ಮಿ.ಮೀ. ಮಳೆ ಬಿದ್ದು ಅರ್ಧ ಹರಿದು ಬಂದರೂ 5 ಲಕ್ಷ ಘನ ಮೀಟರ್ ನೀರು. ಕೆರೆ ಮೊದಲೇ ತುಂಬಿದ್ದರೆ ಅದು ಕೋಡಿಯ ಮೇಲೇ ಹರಿದು ಹೋಗಬೇಕು. 20 ಮೀಟರ್ ಉದ್ದದ ಕೋಡಿ ಗೋಡೆಯ ಮೇಲೆ 60 ಸೆಂ.ಮೀ. ಎತ್ತರಕ್ಕೆ ನೀರು ಹರಿದರೆ ಸೆಕೆಂಡಿಗೆ ಸುಮಾರು 16 ಘನ ಮೀಟರ್ ಹೊರಹೋಗುತ್ತದೆ. ಜಾಲಿ ಬೆಳೆದು, ಹೂಳು ಕೂತು ಅದರ ಅರ್ಧ ಉದ್ದ ಮುಚ್ಚಿದರೆ ಅಷ್ಟೇ ನೀರು ಹೋಗಲು 95 ಸೆಂ.ಮೀ. ಬೇಕು. ಆ ಹೆಚ್ಚುವರಿ 35 ಸೆಂ.ಮೀ. ಎತ್ತರ ಕೆರೆಯ ನೀರು ತಡೆದಿರುವ ಏರಿಯಲ್ಲಿ ಉಳಿದಿದೆಯೇ? ಗಾಡಿ ದಾರಿ ಸವೆದು ತಗ್ಗಾದ ಕಡೆ ಉಳಿದಿರುವುದಿಲ್ಲ. ಮಣ್ಣಿನ ಏರಿಯ ಮೇಲೆ ನೀರು ಹತ್ತಿದರೆ ಹಿಂಬದಿ ಕೊರೆದು ಒಡೆಯುತ್ತದೆ, ಒಂದರ ಕೋಡಿ ನೀರು ಇನ್ನೊಂದಕ್ಕೆ ಹರಿಯುವ ಕೆರೆ ಸರಣಿಯಲ್ಲಿ ಕೆಳಗಿನ ಕೆರೆಗೆ ಎರಡು ಕೆರೆಯ ನೀರು ಒಟ್ಟಿಗೆ ನುಗ್ಗುತ್ತದೆ.

ನೀರು ಹೆಚ್ಚು ನಿಲ್ಲಲಿ ಎಂದು ಕೋಡಿಗೆ ಮರಳುಚೀಲ ಪೇರಿಸುವವರ ಆಸೆ ನಮಗೆ ಅರ್ಥವಾಗುತ್ತದೆ. ಬೋರ್‌ವೆಲ್ ಬತ್ತಿದವರು ಅವರು. ಆದರೂ ಅದನ್ನು ನಿಲ್ಲಿಸಲೇಬೇಕು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಪಂಪ್ ಮಾಡುವ ಕೆ.ಸಿ. ವ್ಯಾಲಿ ಯೋಜನೆಯ ನೀರಿನಿಂದ ವರ್ಷವಿಡೀ ತುಂಬಿರುವ ಕೆರೆಗಳಲ್ಲಂತೂ ಹಿಂಗಾರನ್ನು ತಡೆದುಕೊಳ್ಳುವ ಖಾಲಿ ಜಾಗವೇ ಇರುವುದಿಲ್ಲ. ಅಂಥ ಕೆರೆಗಳಿಗೆ ಸೆಪ್ಟೆಂಬರಿನಲ್ಲೇ ಪಂಪಿಂಗ್ ತಗ್ಗಿಸಿ, ತೂಬು ಎತ್ತಲು ಬರುತ್ತದೆಯೇ ಎಂದು ಪರೀಕ್ಷಿಸಿ.

ಅಕ್ಟೋಬರಿನ ಚಿತ್ತೆ ಮಳೆಗೆ ಮೊದಲು ಪ್ರತಿ ಕೆರೆಯ ಕೋಡಿ ಉದ್ದ, ಕೋಡಿ ಮಟ್ಟ, ಏರಿಯ ಅತಿ ತಗ್ಗಿನ ಜಾಗದ ಮಟ್ಟ ಅಳೆಯಿಸಿ. ಕೋಡಿ ಕಾಲುವೆಯ ಒತ್ತುವರಿಯನ್ನು ಮುಂದಿನ ಕೆರೆಯವರೆಗೂ ತೆರವು ಮಾಡಿಸಿ. ಅಳತೆಯ ಪಟ್ಟಿಯನ್ನು ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಿಸಿ, ಕೆರೆಯ ನೀರು ಬಿಡುವ ನೀರುಗಂಟಿಯ ಕೈಗೂ ಒಂದು ಪ್ರತಿ ಕೊಡಿಸಿ.

ಇಂತಿ,
ಕೋಲಾರ ಜಿಲ್ಲೆಯ ಕೆರೆ ಅಚ್ಚುಕಟ್ಟಿನ ರೈತರು ಮತ್ತು ನೀರಾವರಿ ಎಂಜಿನಿಯರರು